ಒನಕೆ ಓಬವ್ವ: ಯುದ್ಧನಿಯಮಗಳ ಸ್ತ್ರೀವಾದಿ ಓದಿನಲ್ಲಿ ಒಂದು ಚರಿತ್ರೆ

ಚಿತ್ರದುರ್ಗದ ಪಾಳೆಯಗಾರರ ಇತಿಹಾಸದಲ್ಲಿ ಇಬ್ಬರು ಓಬವ್ವೆಯರು ಎದುರಾಗುತ್ತಾರೆ. ಒಬ್ಬಾಕೆ ಅರಮನೆಯ ಓಬವ್ವ ನಾಗತಿ. 1754ರಲ್ಲಿ ಕಸ್ತೂರಿ ರಂಗಪ್ಪ ನಾಯಕನು ಮಕ್ಕಳಿಲ್ಲದೆ ತೀರಿಕೊಂಡಾಗ, ಇಂದಿನ ಹೊಸದುರ್ಗ ತಾಲ್ಲೂಕಿನ ಜಾನಕಲ್ಲಿನ ಹುಡುಗನೊಬ್ಬನನ್ನು ಕರೆತಂದು ಪಟ್ಟ ಕಟ್ಟುವಲ್ಲಿ ಆಕೆಯ ಮಾತು ನಿರ್ಣಾಯಕವಾಗಿತ್ತೆಂದು ದುರ್ಗದ ಪರಂಪರೆ ಹೇಳುತ್ತದೆ. ಆ ಹುಡುಗನೇ ಕೊನೆಯ ಮದಕರಿ ನಾಯಕ. ಇನ್ನೊಬ್ಬಾಕೆ ಅದೇ ಕೋಟೆಯ ಕಾವಲುಗಾರನ ಹೆಂಡತಿ. ಆಕೆ ಯಾರಿಗೂ ಪಟ್ಟ ಕಟ್ಟಲಿಲ್ಲ. ಸಮಕಾಲೀನ ಶಾಸನವಾಗಲಿ ದಫ್ತರವಾಗಲಿ ಆಕೆಯ ಹೆಸರನ್ನು ಉಳಿಸಿಕೊಟ್ಟಿಲ್ಲ. ಆದರೂ ಇಂದು ಓಬವ್ವ ಎಂದೊಡನೆ ಕನ್ನಡಿಗರ ಮನಸ್ಸಿಗೆ ಬರುವವಳು ನಾಗತಿಯಲ್ಲ, ಈ ಎರಡನೆಯವಳು. ಬರವಣಿಗೆಯ ನೆರವಿಲ್ಲದೆ ಬಾಯಿಂದ ಬಾಯಿಗೆ ಸಾಗಿ ಎರಡು ಶತಮಾನಗಳಿಗೂ ಹೆಚ್ಚು ಕಾಲ ಉಳಿದುಬಂದ ಈ ಚರಿತ್ರೆಯನ್ನು ಶೌರ್ಯದ ಕಥೆಯೆಂದು ಓದುವುದು ವಾಡಿಕೆ. ಯುದ್ಧದಲ್ಲಿ ಹೆಣ್ಣಿನ ಸ್ಥಾನವೇನು ಎಂಬ ಪ್ರಶ್ನೆಯನ್ನು ಅಂತರರಾಷ್ಟ್ರೀಯ ಕಾನೂನು ಹೇಗೆ ಬಿಡಿಸಿಕೊಂಡಿದೆ ಎಂಬುದರ ಎದುರಿಗೆ ಇಟ್ಟು ನೋಡಿದರೆ ಅದರ ಬೇರೆಯ ಮುಖಗಳು ಕಾಣತೊಡಗುತ್ತವೆ.

ದುರ್ಗದ ನಾಯಕರ ಆಳ್ವಿಕೆ ಒಮ್ಮೆಗೇ ಬೆಟ್ಟದ ಮೇಲೆ ಮೂಡಿದ್ದಲ್ಲ. ಮೂಲಪುರುಷನಾದ ತಿಮ್ಮಣ್ಣ ನಾಯಕನು ವಿಜಯನಗರದ ಅರಸರಿಂದ ಮೊದಲು ಹೊಳಲ್ಕೆರೆಯ, ಆಮೇಲೆ ಹಿರಿಯೂರಿನ, ಕಡೆಗೆ ಚಿತ್ರದುರ್ಗದ ನಾಯಕತನವನ್ನು ಪಡೆದನೆಂಬುದು ಸಾಮಾನ್ಯವಾಗಿ ಒಪ್ಪಿತವಾಗಿರುವ ಸಂಗತಿ. ವಿಜಯನಗರದ ಪತನಾನಂತರ ಈ ಮನೆತನ ಸ್ವತಂತ್ರವಾಯಿತು. ಹರಪನಹಳ್ಳಿ, ತರೀಕೆರೆ, ಬಿದನೂರು, ಶಿರಾ, ಮರಾಠರು ಹೀಗೆ ಸುತ್ತಲಿನ ಎಲ್ಲರೊಡನೆ ಸ್ನೇಹ ಮತ್ತು ಹಗೆಗಳನ್ನು ಸರದಿಯಂತೆ ಬದಲಿಸುತ್ತಾ ಬೆಳೆಯಿತು. ಹದಿನೆಂಟನೆಯ ಶತಮಾನದ ಹೊತ್ತಿಗೆ ಏಳು ಸುತ್ತಿನ ಕೋಟೆಯೆಂಬುದು ಸೈನ್ಯದ ನೆಲೆ ಮಾತ್ರವಾಗಿರದೆ ಒಂದು ಊರೇ ಆಗಿತ್ತು. ಒಳಗೆ ಗುಡಿಗಳಿದ್ದವು, ಹೊಂಡಗಳಿದ್ದವು, ಕಣಜಗಳಿದ್ದವು. ಬೇಡ ಪಡೆಯ ಮನೆಗಳ ಜೊತೆಗೆ ಕೋಟೆಯ ನಿತ್ಯದ ಚಾಕರಿಗೆ ಬೇಕಾದ ಅನೇಕ ಜಾತಿಯ ಕುಟುಂಬಗಳೂ ಇದ್ದವು. ಓಬವ್ವ ಅಂಥದೊಂದು ಕುಟುಂಬದ ಸೊಸೆ.

ಆಕೆಯ ತವರು ಗುಡೇಕೋಟೆ ಎಂದು ಹೇಳುವ ವಾಡಿಕೆಯಿದೆ. ಗುಡೇಕೋಟೆಯೂ ಪಾಳೆಯಗಾರರ ನೆಲೆಯೇ ಆಗಿದ್ದುದರಿಂದ, ಈ ಮಾತನ್ನು ಒಪ್ಪಿದರೆ ಆಕೆ ಹುಟ್ಟಿನಿಂದಲೇ ಕೋಟೆಯ ಬದುಕನ್ನು ಬಲ್ಲವಳು. ಛಲವಾದಿ ಅಥವಾ ಹೊಲೆಯ ಸಮುದಾಯಕ್ಕೆ ಸೇರಿದವಳೆಂಬುದು ಪರಂಪರೆಯ ದೃಢವಾದ ನಂಬಿಕೆ. ಗಂಡ ಮುದ್ದಹನುಮ ಕೋಟೆಯ ಕಾವಲುಗಾರ, ಅಪಾಯದ ಸುಳಿವು ಸಿಕ್ಕಾಗ ಕಹಳೆ ಊದಿ ಎಚ್ಚರಿಸುವುದು ಅವನ ಕೆಲಸ. ಹಾಗಾಗಿಯೇ ಅವನ ಹೆಸರಿಗೆ ಕಹಳೆ ಎಂಬ ವಿಶೇಷಣ ಅಂಟಿಕೊಂಡಿದೆ. ಗಂಡನ ಹೆಸರಿಗೆ ಕಹಳೆ, ಹೆಂಡತಿಯ ಹೆಸರಿಗೆ ಒನಕೆ. ಮೊದಲನೆಯದು ಪ್ರಭುತ್ವ ಕೊಟ್ಟ ಸಾಧನ, ಎರಡನೆಯದು ಅಡುಗೆಮನೆಯದು. ಇಡೀ ಚರಿತ್ರೆಯ ಬೀಗದ ಕೈ ಈ ಎರಡು ವಿಶೇಷಣಗಳಲ್ಲಿದೆ ಎಂದರೆ ತಪ್ಪಾಗಲಾರದು.

ಹೈದರಾಲಿಗೂ ಮದಕರಿಗೂ ನಡುವಿನ ಸಂಬಂಧ ಮೊದಲಿನಿಂದ ಹಗೆಯದಾಗಿರಲಿಲ್ಲ. 1763ರಲ್ಲಿ ಬಿದನೂರು ಮೈಸೂರಿನ ವಶವಾದ ಆಸುಪಾಸಿನಲ್ಲಿ ದುರ್ಗದ ನಾಯಕ ಹೈದರನ ಜೊತೆಗೇ ಇದ್ದ. ಮರಾಠರು ಮತ್ತು ನಿಜಾಮ ಒಟ್ಟಾಗಿ ಮೈಸೂರಿನ ಮೇಲೆ ಬಂದಾಗ ಆತ ಹಿಂದೆಮುಂದೆ ನೋಡಿದ್ದು ಮುನಿಸಿಗೆ ಕಾರಣವಾಯಿತು. 1777ರಲ್ಲಿ ಹೈದರನ ಸೈನ್ಯ ಕೋಟೆಯನ್ನು ಮುತ್ತಿ ತಿಂಗಳುಗಟ್ಟಲೆ ಕುಳಿತರೂ ಗೆಲ್ಲಲಾಗದೆ ಹಿಂದಿರುಗಿತು. 1779ರಲ್ಲಿ ಮತ್ತೆ ಬಂದಾಗ ಒಳಗಿನವರ ದ್ರೋಹದಿಂದ ದುರ್ಗ ಬಿತ್ತು. ಓಬವ್ವನ ಪ್ರಸಂಗ ಈ ಮುತ್ತಿಗೆಗಳಲ್ಲಿ ಯಾವುದಕ್ಕೆ ಸೇರಿದ್ದೆಂಬುದನ್ನು ಮೌಖಿಕ ಪರಂಪರೆ ಖಚಿತಪಡಿಸುವುದಿಲ್ಲ. ಜನರ ನೆನಪಿಗೆ ಇಸವಿಗಿಂತ ಜಾಗ ಮುಖ್ಯ. ಆ ಜಾಗವನ್ನು ಇಂದಿಗೂ ತೋರಿಸುತ್ತಾರೆ: ತಣ್ಣೀರು ದೋಣಿಯ ಸಮೀಪದ ಬಂಡೆಗಳ ನಡುವಿನ ಕಿಂಡಿ.

ನಡೆದುದೆಂದು ಹೇಳಲಾಗುವ ಸಂಗತಿ ಹೀಗಿದೆ. ಮಧ್ಯಾಹ್ನ ಮುದ್ದಹನುಮ ಊಟಕ್ಕೆ ಮನೆಗೆ ಬಂದ. ಬಡಿಸಿದ ಮೇಲೆ ಕುಡಿಯಲು ನೀರಿಲ್ಲದ್ದನ್ನು ಕಂಡು ಓಬವ್ವ ಕೊಡ ಹಿಡಿದು ದೋಣಿಯತ್ತ ಹೋದಳು. ಅಲ್ಲಿ ಬಂಡೆಯ ಸಂದಿನಿಂದ ಪಿಸುಮಾತು ಕೇಳಿಸಿತು. ಒಬ್ಬೊಬ್ಬರಾಗಿ ಮಾತ್ರ ತೆವಳಿ ಬರಬಹುದಾದ ಆ ಕಿಂಡಿಯ ಮೂಲಕ ಹೈದರನ ಸೈನಿಕರು ಒಳನುಗ್ಗುವ ಹವಣಿಕೆಯಲ್ಲಿದ್ದರು. ಆಕೆ ಮನೆಗೆ ಹಿಂದಿರುಗಿ ಒನಕೆ ತಂದಳು. ಉಣ್ಣುತ್ತಿದ್ದ ಗಂಡನನ್ನು ಎಬ್ಬಿಸಲಿಲ್ಲ. ಕಿಂಡಿಯ ಮಗ್ಗುಲಲ್ಲಿ ಮರೆಯಾಗಿ ನಿಂತು, ಹೊರಬಂದ ತಲೆಯನ್ನು ಹೊಡೆಯುತ್ತಾ, ಮುಂದಿನವನಿಗೆ ಸುಳಿವು ಸಿಗದಂತೆ ಹೆಣವನ್ನು ಬದಿಗೆ ಎಳೆದು ಹಾಕುತ್ತಾ ಹೋದಳು. ಊಟ ಮುಗಿಸಿ ಹುಡುಕುತ್ತ ಬಂದ ಗಂಡ ಹೆಣಗಳ ನಡುವೆ ರಕ್ತಸಿಕ್ತವಾದ ಒನಕೆ ಹಿಡಿದು ನಿಂತ ಹೆಂಡತಿಯನ್ನು ಕಂಡು ಕಹಳೆ ಊದಿದ. ಪಡೆ ಬಂತು, ಆ ದಿನದ ದಾಳಿ ಮುರಿಯಿತು. ಓಬವ್ವ ಮಾತ್ರ ಉಳಿಯಲಿಲ್ಲ. ಕಂಡ ದೃಶ್ಯದ ಆಘಾತದಿಂದ ಅಸುನೀಗಿದಳೆಂದು ಒಂದು ಪಾಠ. ಹಿಂದಿನಿಂದ ಬಂದ ವೈರಿ ಇರಿದು ಕೊಂದನೆಂದು ಇನ್ನೊಂದು.

ಈ ಕಥನದಲ್ಲಿ ಎದ್ದುಕಾಣುವುದು ಓಬವ್ವನ ಮೌನ. ಕನ್ನಡ ನಾಡಿನ ವೀರಗಲ್ಲು ಶಾಸನಗಳನ್ನು ಬಲ್ಲವರಿಗೆ ಇದರ ವೈಶಿಷ್ಟ್ಯ ತಕ್ಷಣ ಹೊಳೆಯುತ್ತದೆ. ವೀರನು ಮಡಿಯುವ ಸಂದರ್ಭಗಳನ್ನು ಶಾಸನಗಳು ತುರುಗೋಳ್, ಊರಳಿವು, ಪೆಣ್ಬುಯ್ಯಲ್ ಎಂದು ವರ್ಗೀಕರಿಸುತ್ತವೆ. ಪೆಣ್ಬುಯ್ಯಲ್ ಎಂದರೆ ಹೆಣ್ಣಿನ ಮೊರೆ. ಹೆಣ್ಣು ಕೂಗುತ್ತಾಳೆ, ಗಂಡು ಆ ಕೂಗಿಗೆ ಓಗೊಟ್ಟು ಹೋರಾಡಿ ಸಾಯುತ್ತಾನೆ, ಕಲ್ಲು ಅವನಿಗೆ ನಿಲ್ಲುತ್ತದೆ. ಕೂಗಿದವಳ ಹೆಸರು ಕಲ್ಲಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅವಳು ವೀರತನಕ್ಕೆ ನಿಮಿತ್ತಮಾತ್ರಳು. ಓಬವ್ವ ಕೂಗಲಿಲ್ಲ. ಮೊರೆಯಿಡಬೇಕಾದವಳು ಮೊರೆಯಿಡದೆ ತಾನೇ ನಿಂತದ್ದರಿಂದ ಪೆಣ್ಬುಯ್ಯಲಿನ ವ್ಯಾಕರಣ ಇಲ್ಲಿ ತಲೆಕೆಳಗಾಗಿದೆ.

ಯುದ್ಧವನ್ನು ಕುರಿತ ಅಂತರರಾಷ್ಟ್ರೀಯ ಕಾನೂನು ಬಹುಕಾಲ ಈ ಪೆಣ್ಬುಯ್ಯಲಿನ ವ್ಯಾಕರಣದಲ್ಲಿಯೇ ಬರೆಯಲ್ಪಟ್ಟಿತು ಎಂಬುದು ಸ್ತ್ರೀವಾದಿ ನ್ಯಾಯಶಾಸ್ತ್ರಜ್ಞೆಯರ ಆಕ್ಷೇಪಣೆಯ ತಿರುಳು. ಅವರು ನಮ್ಮ ವೀರಗಲ್ಲುಗಳನ್ನು ಕಂಡವರಲ್ಲ, ಆ ಪದವನ್ನು ಬಳಸಿದವರೂ ಅಲ್ಲ. ಆದರೆ 1991ರಲ್ಲಿ ಹಿಲರಿ ಚಾರ್ಲ್ಸ್‌ವರ್ತ್, ಕ್ರಿಸ್ಟೀನ್ ಚಿಂಕಿನ್ ಮತ್ತು ಶೆಲ್ಲಿ ರೈಟ್ ಅಂತರರಾಷ್ಟ್ರೀಯ ಕಾನೂನನ್ನು ಸ್ತ್ರೀವಾದಿ ದೃಷ್ಟಿಯಿಂದ ಪರಿಶೀಲಿಸಿ ಬರೆದ ಪ್ರಬಂಧವೂ, ಮುಂದೆ ಜುಡಿತ್ ಗಾರ್ಡಮ್ ಮೊದಲಾದವರು ಯುದ್ಧನಿಯಮಗಳ ಬಗ್ಗೆ ನಡೆಸಿದ ಅಧ್ಯಯನಗಳೂ ತೋರಿಸಿಕೊಟ್ಟದ್ದು ಇದನ್ನೇ. ಕಾನೂನು ಹೆಣ್ಣನ್ನು ಕಾಣುವುದು ರಕ್ಷಣೆ ಬೇಡುವವಳಾಗಿ, ತಾಯಿಯಾಗಿ, ಕುಟುಂಬದ ಮಾನವಾಗಿ. ರಾಜ್ಯ ಮತ್ತು ಸೈನ್ಯಗಳ ಸಾರ್ವಜನಿಕ ಲೋಕ ಒಂದು ಕಡೆ, ಮನೆಯ ಖಾಸಗಿ ಲೋಕ ಇನ್ನೊಂದು ಕಡೆ ಎಂಬ ಗೆರೆಯನ್ನು ಅದು ಪ್ರಶ್ನಿಸದೆ ಒಪ್ಪಿಕೊಂಡಿದೆ.

ಆ ಗೆರೆಯನ್ನು ಸ್ಪಷ್ಟವಾಗಿ ಎಳೆದವರಲ್ಲಿ ಎಮರಿಕ್ ದ ವಾಟೆಲ್ ಒಬ್ಬ. ಆತನ ರಾಷ್ಟ್ರಗಳ ಕಾನೂನಿನ ಗ್ರಂಥ ಪ್ರಕಟವಾದದ್ದು 1758ರಲ್ಲಿ, ಅಂದರೆ ಜಾನಕಲ್ಲಿನ ಹುಡುಗ ದುರ್ಗದ ಗದ್ದುಗೆಗೆ ಬಂದ ನಾಲ್ಕು ವರ್ಷಗಳ ತರುವಾಯ. ಹೆಂಗಸರು, ಮಕ್ಕಳು, ಮುದುಕರು ಶತ್ರುಪಕ್ಷದವರೇ ಆದರೂ ಪ್ರತಿರೋಧ ಒಡ್ಡದಿರುವುದರಿಂದ ಅವರನ್ನು ಹಿಂಸಿಸುವ ಹಕ್ಕು ಯಾರಿಗೂ ಇಲ್ಲವೆಂದು ವಾಟೆಲ್ ವಾದಿಸುತ್ತಾನೆ. ಒಡನೆಯೇ ಒಂದು ಷರತ್ತು ಹಾಕುತ್ತಾನೆ. ಈ ವಿನಾಯಿತಿ ಬೇಕಿದ್ದರೆ ಹೆಂಗಸರು ತಮ್ಮ ಜಾತಿಗೆ ಸಹಜವಾದ ಕೆಲಸಗಳಲ್ಲಿಯೇ ಇರಬೇಕು, ಆಯುಧ ಹಿಡಿದು ಗಂಡಸರ ಕೆಲಸಕ್ಕೆ ಕೈಹಾಕಬಾರದು. ಯೂರೋಪಿನ ಈ ಮಾತು ಆಗ ದುರ್ಗಕ್ಕೆ ಅನ್ವಯಿಸುತ್ತಿತ್ತೆಂದೇನೂ ಅಲ್ಲ. ಇಲ್ಲಿನ ಸ್ಮೃತಿಗಳಿಗೂ ಆಯುಧವಿಲ್ಲದವನನ್ನು, ಯುದ್ಧದಲ್ಲಿ ತೊಡಗದೆ ನೋಡುತ್ತಿರುವವನನ್ನು ಕೊಲ್ಲಬಾರದೆಂಬ ತಮ್ಮದೇ ನಿಯಮಗಳಿದ್ದವು. ಆದರೆ ವಾಟೆಲನ ವರ್ಗೀಕರಣವೇ ಮುಂದೆ ಬೆಳೆದು ವಿಶ್ವದ ಕಾನೂನೆನಿಸಿಕೊಂಡದ್ದರಿಂದ ಅದನ್ನು ಓಬವ್ವನ ಕಿಂಡಿಯ ಬಳಿ ತಂದು ನಿಲ್ಲಿಸುವುದು ಉಚಿತ.

ಹಾಗೆ ನಿಲ್ಲಿಸಿದಾಗ ಒನಕೆ ಆ ಗೆರೆಯನ್ನು ಒಡೆದುಹಾಕುತ್ತದೆ. ಹೆಣ್ಣಿಗೆ ಸಹಜವೆನ್ನಲಾದ ಕೆಲಸದ ಸಾಧನವೇ ಆಯುಧವಾದರೆ ಆಕೆ ಗೆರೆಯ ಯಾವ ಕಡೆಯವಳು? ಓಬವ್ವ ಕತ್ತಿ ಹಿಡಿಯಲಿಲ್ಲ, ಗಂಡುಡುಗೆ ತೊಡಲಿಲ್ಲ, ಕುದುರೆಯೇರಲಿಲ್ಲ. ಬೆಳವಡಿ ಮಲ್ಲಮ್ಮ, ಕೆಳದಿ ಚೆನ್ನಮ್ಮ, ಕಿತ್ತೂರು ಚೆನ್ನಮ್ಮರಿಂದ ಆಕೆಯನ್ನು ಬೇರ್ಪಡಿಸುವ ಅಂಶವಿದು. ರಾಣಿಯರು ಯುದ್ಧಕ್ಕೆ ಬರುವುದು ಅರಸೊತ್ತಿಗೆಯ ವಾರಸುದಾರರಾಗಿ. ಅವರೊಡನೆ ಸಂಧಿ ಸಾಧ್ಯ, ಸೋತರೆ ಸೆರೆಯಲ್ಲಿಯೂ ಒಂದು ಅಂತಸ್ತು ಸಾಧ್ಯ. ನೀರು ತರಲು ಹೋದ ಕಾವಲುಗಾರನ ಹೆಂಡತಿಗೆ ಅಂಥ ಯಾವ ಅಂತಸ್ತೂ ಇಲ್ಲ.

ಇನ್ನೊಂದು ಮಾತು. ಮುತ್ತಿಗೆಯ ಕಾಲದಲ್ಲಿ ಒನಕೆ ಹಿಡಿಯುವುದು ಆ ಮಧ್ಯಾಹ್ನಕ್ಕೆ ಮೊದಲೂ ಯುದ್ಧದ ಕೆಲಸವೇ ಆಗಿತ್ತು. ತಿಂಗಳುಗಟ್ಟಲೆ ಕೋಟೆಯ ಬಾಗಿಲು ಮುಚ್ಚಿರುವಾಗ ಕಣಜದ ಧಾನ್ಯವನ್ನು ಕುಟ್ಟಿ, ಬೀಸಿ, ಬೇಯಿಸಿ ಪಡೆಯನ್ನು ನಿಲ್ಲಿಸುತ್ತಿದ್ದವರು ಹೆಂಗಸರು. ದೋಣಿಯಿಂದ ನೀರು ಹೊರುತ್ತಿದ್ದವರೂ ಅವರೇ. ಆ ದುಡಿಮೆಯನ್ನು ವಾಟೆಲ್ ಯುದ್ಧವೆಂದು ಎಣಿಸಲಿಲ್ಲ, ನಮ್ಮ ಇತಿಹಾಸಕಾರರೂ ಎಣಿಸಿಲ್ಲ. ಕಿಂಡಿ ಇರುವ ಜಾಗ ಸೈನ್ಯಕ್ಕೆ ತಪ್ಪಿ ಹೋಗಿ, ನೀರಿನ ದಾರಿಯಲ್ಲಿ ದಿನವೂ ಓಡಾಡುವವಳ ಕಿವಿಗೆ ದಕ್ಕಿದ್ದು ಈ ದೃಷ್ಟಿಯಿಂದ ಆಕಸ್ಮಿಕವಲ್ಲ.

ಮುಂದಿನ ಕಾನೂನುಗಳು ಆಕೆಯನ್ನು ಎಲ್ಲಿ ಇರಿಸುತ್ತಿದ್ದವು? ದುರ್ಗ ಬಿದ್ದ ಆರು ವರ್ಷಗಳಿಗೆ, 1785ರಲ್ಲಿ, ಅಮೆರಿಕ ಮತ್ತು ಪ್ರಷ್ಯಾ ಮಾಡಿಕೊಂಡ ಒಪ್ಪಂದ ಹೆಂಗಸರು, ಮಕ್ಕಳು, ವಿದ್ವಾಂಸರು, ರೈತರು, ಕುಶಲಕರ್ಮಿಗಳು ಮುಂತಾದವರಿಗೆ ಯುದ್ಧದಲ್ಲಿ ಕಿರುಕುಳವಾಗಬಾರದೆಂದಿತು. ಆದರೆ ಅದರ ಮಾತು ಆಯುಧವಿಲ್ಲದೆ ಕೋಟೆಯಿಲ್ಲದ ಊರುಗಳಲ್ಲಿ ಬಾಳುವವರನ್ನು ಕುರಿತದ್ದು. ಏಳು ಸುತ್ತಿನ ಕೋಟೆಯೊಳಗಿನ ಹೆಣ್ಣಿಗೆ ಅಂಥ ಒಪ್ಪಂದದ ನೆರಳು ತಾಗುತ್ತಿರಲಿಲ್ಲ. 1907ರ ಹೇಗ್ ನಿಯಮಾವಳಿ ವೈರಿ ಸಮೀಪಿಸಿದಾಗ ಸಂಘಟಿತರಾಗಲು ವ್ಯವಧಾನವಿಲ್ಲದೆ ತಾವಾಗಿ ಆಯುಧ ಹಿಡಿಯುವ ಪ್ರಜೆಗಳಿಗೆ ಯೋಧರ ಸ್ಥಾನ ಕೊಟ್ಟಿತು. ಆಯುಧವನ್ನು ಬಹಿರಂಗವಾಗಿ ಹಿಡಿದಿರಬೇಕೆಂಬ ಷರತ್ತು ಅದಕ್ಕಿದೆ. ಬಂಡೆಯ ಮರೆಯಲ್ಲಿ ಒಬ್ಬಳೇ ನಿಂತವಳಿಗೆ ಈ ಸ್ಥಾನ ಸಲ್ಲುವುದೇ ಎಂಬುದು ವಾದಕ್ಕೆ ಎಡೆಯಿರುವ ವಿಷಯ. ಹೊಂಚು ಹಾಕಿ ಹೊಡೆಯುವುದು ಯೋಧನಾದವನಿಗೆ ನಿಷಿದ್ಧವಲ್ಲ. ಆದರೆ ಯೋಧ ಎನಿಸಿಕೊಳ್ಳಲು ಬಹಿರಂಗವಾಗಿರಬೇಕು! 1949ರ ಜಿನೀವಾ ಒಪ್ಪಂದಗಳು, ಅವುಗಳಿಗೆ 1977ರಲ್ಲಿ ಸೇರಿದ ಮೊದಲನೆಯ ಪೂರಕ ಒಡಂಬಡಿಕೆ ಬಂದ ಮೇಲೆ ನಾಗರಿಕರು ನೇರವಾಗಿ ಹೋರಾಟದಲ್ಲಿ ತೊಡಗಿದಷ್ಟು ಕಾಲ ಮಾತ್ರ ರಕ್ಷಣೆ ಕಳೆದುಕೊಳ್ಳುತ್ತಾರೆ ಎಂಬ ಸೂತ್ರ ನೆಲೆಗೊಂಡಿತು. ಈ ಲೆಕ್ಕದಲ್ಲಿ ಕೊಡ ಹಿಡಿದು ಹೋದ ಓಬವ್ವ ನಾಗರಿಕಳು, ಒನಕೆ ಹಿಡಿದು ನಿಂತ ಓಬವ್ವ ಗುರಿ. ಅಷ್ಟರಮಟ್ಟಿಗೆ ವಾಟೆಲನ ಷರತ್ತು ಲಿಂಗದ ಹೆಸರನ್ನು ಬಿಟ್ಟುಕೊಟ್ಟು ಕ್ರಿಯೆಯ ಹೆಸರನ್ನು ಪಡೆದುಕೊಂಡಿತು. ಇದು ಸಣ್ಣ ಬದಲಾವಣೆಯೇನಲ್ಲ. ಭಾರತವು 1950ರಲ್ಲಿ ಜಿನೀವಾ ಒಪ್ಪಂದಗಳನ್ನು ಅನುಮೋದಿಸಿತಾದರೂ ಪೂರಕ ಒಡಂಬಡಿಕೆಗೆ ಸೇರಿಲ್ಲ.

ಹೆಣ್ಣಿನ ರಕ್ಷಣೆಯ ಮಾತು ಬಂದಲ್ಲಿ ಮಾತ್ರ ಹಳೆಯ ಭಾಷೆ ಬಹುಕಾಲ ಉಳಿಯಿತು. ಹೇಗ್ ನಿಯಮಾವಳಿ ಕುಟುಂಬದ ಮಾನವನ್ನು ಗೌರವಿಸಬೇಕೆಂದಿತು. 1949ರ ನಾಲ್ಕನೆಯ ಜಿನೀವಾ ಒಪ್ಪಂದ ಅತ್ಯಾಚಾರವನ್ನು ಹೆಸರಿಸಿ ನಿಷೇಧಿಸಿದರೂ ಅದನ್ನು ಹೆಣ್ಣಿನ ಮಾನದ ಮೇಲಿನ ದಾಳಿಯೆಂದು ಕರೆಯಿತು. ದೇಹಕ್ಕೆ ಆದ ಹಿಂಸೆ ಮಾನಕ್ಕೆ ಆದ ಕಳಂಕವೆಂದು ದಾಖಲಾಗುವುದನ್ನು ಸ್ತ್ರೀವಾದಿಗಳು ವಿರೋಧಿಸಿದರು. 1998ರಲ್ಲಿ ರುವಾಂಡಾದ ಅಂತರರಾಷ್ಟ್ರೀಯ ನ್ಯಾಯಮಂಡಳಿ ಅಕಾಯೆಸು ಪ್ರಕರಣದಲ್ಲಿ ಅತ್ಯಾಚಾರವು ಜನಾಂಗಹತ್ಯೆಯ ಕೃತ್ಯವಾಗಬಲ್ಲದೆಂದು ತೀರ್ಪಿತ್ತ ಮೇಲೆ, ಅದೇ ವರ್ಷದ ರೋಮ್ ಶಾಸನ ಲೈಂಗಿಕ ಹಿಂಸೆಯನ್ನು ಯುದ್ಧಾಪರಾಧಗಳ ಸಾಲಿಗೆ ಸೇರಿಸಿದ ಮೇಲೆ ಆ ಭಾಷೆ ಹಿಂದೆ ಸರಿಯತೊಡಗಿತು. 2000ದ ಅಕ್ಟೋಬರ್‌ನಲ್ಲಿ ಭದ್ರತಾ ಮಂಡಳಿ ತನ್ನ 1325ನೆಯ ನಿರ್ಣಯದಲ್ಲಿ ಹೆಂಗಸರನ್ನು ಸಂಧಾನದ ಮೇಜಿನ ಪಾಲುದಾರರೆಂದು ಕಂಡಿತು.

ಮಾನದ ಈ ಭಾಷೆ ದುರ್ಗದ ಕಥನದೊಳಗೂ ಹರಿದಿದೆ. ಗಂಡನ ಊಟಕ್ಕೆ ಭಂಗ ತರಬಾರದೆಂದು ಎಬ್ಬಿಸಲಿಲ್ಲ ಎಂಬ ವಿವರವನ್ನು ಹೇಳುವವರು ಒತ್ತಿ ಹೇಳುತ್ತಾರೆ. ಕೊಲ್ಲುವ ಹೆಣ್ಣನ್ನು ಸಮಾಜ ಒಪ್ಪಿಕೊಳ್ಳಬೇಕಾದರೆ ಆಕೆ ಮೊದಲು ಒಳ್ಳೆಯ ಹೆಂಡತಿಯೆಂದು ಸಾಬೀತಾಗಬೇಕು. ಆಕೆಯ ಹೋರಾಟ ಯುದ್ಧವೆನಿಸಿಕೊಳ್ಳುವುದೂ ಗಂಡನ ಕಹಳೆ ಮೊಳಗಿದ ಮೇಲೆಯೇ. ಅದುವರೆಗೆ ಅದು ಬಂಡೆಯ ಮರೆಯ ಖಾಸಗಿ ಸಂಗತಿ. ಸಾವಿನ ಎರಡು ಪಾಠಗಳನ್ನೂ ಹೀಗೆಯೇ ನೋಡಬೇಕು. ಅಷ್ಟು ಜನರನ್ನು ಹೊಡೆದುರುಳಿಸಿದ ಕೈಗಳಿಗೆ ನೆತ್ತರಿನ ನೋಟವನ್ನು ತಾಳಿಕೊಳ್ಳುವ ಎದೆ ಇರಲಿಲ್ಲವೆನ್ನುವ ಮೊದಲ ಪಾಠ ನಂಬಲು ಕಷ್ಟವಾದದ್ದು. ಹೆಣ್ತನವನ್ನು ಕಡೆಯ ಗಳಿಗೆಯಲ್ಲಿ ಮರಳಿಸಿಕೊಡುವ ಹಂಬಲ ಅದರಲ್ಲಿದೆ. ಎರಡನೆಯದು ಹೆಚ್ಚು ಸಹಜ. ಆದರೆ ಎರಡೂ ಆಕೆಯನ್ನು ಬದುಕಲು ಬಿಡುವುದಿಲ್ಲ.

ಬದುಕಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಉತ್ತರ ಬರಹದ ದಾಖಲೆಗಳಲ್ಲಿದೆ. 1779ರಲ್ಲಿ ಕೋಟೆ ಬಿದ್ದಾಗ ಮದಕರಿಯನ್ನೂ ಅವನ ಪರಿವಾರವನ್ನೂ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ಯಲಾಯಿತು. ಅವರ ಜೊತೆಗೆ ಬೇಡ ಪ್ರಜೆಗಳಲ್ಲಿ ಸುಮಾರು 20,000 ಜನರನ್ನು ಅಲ್ಲಿನ ದ್ವೀಪದಲ್ಲಿ ನೆಲೆಗೊಳಿಸಲು ಸಾಗಿಸಿದರೆಂದೂ, ಹುಡುಗರನ್ನು ಆರಿಸಿ ಚೇಲಾ ಎಂಬ ಪಡೆಗಳಿಗೆ ಸೇರಿಸಿದರೆಂದೂ ವಿಲ್ಕ್ಸ್ ಬರೆಯುತ್ತಾನೆ. ಮೈಸೂರಿನ ವಿರುದ್ಧ ಗೆದ್ದವರ ಕಡೆಯ ಇತಿಹಾಸಕಾರ ಅವನು. ಅಂಕಿಯನ್ನು ಎಚ್ಚರಿಕೆಯಿಂದಲೇ ಸ್ವೀಕರಿಸಬೇಕು. ಊರು ಬರಿದು ಮಾಡುವುದು ಹೈದರನೊಬ್ಬನ ನೀತಿಯೂ ಆಗಿರಲಿಲ್ಲ. 1801ರ ಸುಮಾರಿಗೆ ಹಿರಿಯೂರಿನ ದಾರಿಯಲ್ಲಿ ಹಾದುಹೋದ ಬುಕಾನನ್ ಕಂಡದ್ದು ಇಂಗ್ಲಿಷರ ಮಿತ್ರನಾಗಿ ಬಂದಿದ್ದ ಪರಶುರಾಮ ಭಾವೂನ ಮರಾಠಾ ಸೈನ್ಯ ಮತ್ತು ಅದರ ಬೆನ್ನಿಗೇ ಬಂದ ಬರ ಸೇರಿ ಹಾಳುಗೆಡವಿದ ಊರನ್ನು. ಆಕ್ರಮಿತ ಪ್ರದೇಶದ ಜನರನ್ನು ಬಲವಂತವಾಗಿ ಸಾಗಿಸುವುದನ್ನು, ಅವರನ್ನು ಗೆದ್ದವರ ಸೈನ್ಯದಲ್ಲಿ ದುಡಿಸುವುದನ್ನು 1949ರ ನಾಲ್ಕನೆಯ ಜಿನೀವಾ ಒಪ್ಪಂದ ಈಗ ನಿಷೇಧಿಸುತ್ತದೆ.

ವಿಲ್ಕ್ಸ್‌ನ ಆ ವಾಕ್ಯಗಳಲ್ಲಿ ಹುಡುಗರು ಏನಾದರೆಂಬುದಿದೆ. ಹುಡುಗಿಯರು ಏನಾದರೆಂಬುದಿಲ್ಲ. ಸಾಗಿಸಲ್ಪಟ್ಟವರಲ್ಲಿ ಓಬವ್ವನ ಓರಗೆಯವರು, ಅವಳೊಡನೆ ಅದೇ ದೋಣಿಯಲ್ಲಿ ನೀರು ಮೊಗೆದವರು ಇದ್ದಿರಲೇಬೇಕು. ಬೆಟ್ಟದಿಂದ ಕಾವೇರಿಯ ದಂಡೆಯವರೆಗಿನ ದಾರಿಯಲ್ಲಿ ಹೆತ್ತವರು, ಸತ್ತವರು, ಮುಟ್ಟಿದ ಮೇಲೆ ಹೊಸ ನೆಲದಲ್ಲಿ ಮತ್ತೆ ಒನಕೆ ಹಿಡಿದವರು ಅವರಲ್ಲಿದ್ದಿರಬೇಕು. ಅವರ ಬಗೆಗೆ ವೀರಗಲ್ಲೂ ಇಲ್ಲ, ಸ್ಥಳಕಥೆಯೂ ಇಲ್ಲ. ನೆನಪಿಗೆ ಅರ್ಹಳಾದ ಹೆಣ್ಣಿಗೆ ಎರಡೇ ಎಡೆಗಳಿದ್ದವು: ರಕ್ಷಿಸಲ್ಪಟ್ಟ ಮಾನವತಿ, ಇಲ್ಲವೆ ಅಪವಾದವೆನಿಸಿದ ವೀರೆ. ಓಬವ್ವ ಎರಡನೆಯ ಎಡೆಯನ್ನು ತುಂಬಿದಳು. ಬದುಕುಳಿದು ನಡೆದುಹೋದವರಿಗೆ ಎಡೆಯೇ ಇರಲಿಲ್ಲ. ದುರ್ಗದ ಪತನವನ್ನು ವಸ್ತುವಾಗಿಸಿಕೊಂಡ ಬರಹಗಳೂ ಹೆಚ್ಚಾಗಿ ಅರಮನೆಯನ್ನೂ ಬತೇರಿಗಳನ್ನೂ ಅನುಸರಿಸಿದವೇ ಹೊರತು ಈ ದಾರಿಯನ್ನಲ್ಲ.

ಓಬವ್ವನ ಮರಣೋತ್ತರ ಜೀವನ ಇಪ್ಪತ್ತನೆಯ ಶತಮಾನದಲ್ಲಿ ಹೊಸ ತಿರುವು ಪಡೆಯಿತು. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ 1972ರಲ್ಲಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ನಾಗರಹಾವು ಚಿತ್ರದ ಒಂದು ಹಾಡಿನ ಪ್ರಸಂಗದಲ್ಲಿ ಜಯಂತಿ ಓಬವ್ವನಾಗಿ ಕಾಣಿಸಿಕೊಂಡರು. ದುರ್ಗದ ಸೀಮೆಯ ಮೌಖಿಕ ಕಥೆ ಆ ಕೆಲವೇ ನಿಮಿಷಗಳಲ್ಲಿ ಇಡೀ ನಾಡಿನದಾಯಿತು. ಚಿತ್ರದುರ್ಗದ ಕ್ರೀಡಾಂಗಣಕ್ಕೆ ಆಕೆಯ ಹೆಸರು ಬಂತು. ಪ್ರತಿಮೆ ನಿಂತಿತು. ಈ ವಿಸ್ತರಣೆಯಲ್ಲಿ ಕಳೆದದ್ದೂ ಉಂಟು. ನಾಡಿನ ವೀರವನಿತೆಯೆಂಬ ಸಾಮಾನ್ಯ ಬಿರುದಿನೊಳಗೆ ಆಕೆಯ ಜಾತಿ, ಚಾಕರಿ, ನೀರಿನ ಕೊಡ ಎಲ್ಲ ಮಸುಕಾದವು. ಛಲವಾದಿ ಸಮುದಾಯ ಆಕೆಯನ್ನು ತನ್ನವಳೆಂದು ಮತ್ತೆ ಹೆಸರಿಸಿ ಜಯಂತಿಗಾಗಿ ಒತ್ತಾಯಿಸಿದ್ದನ್ನು ಈ ಮಸುಕಿನ ವಿರುದ್ಧದ ನಡೆಯಾಗಿ ಕಾಣಬೇಕೇ ಹೊರತು ಬರಿಯ ಜಾತಿಯ ಅಭಿಮಾನವೆಂದು ತಳ್ಳಿಹಾಕಲಾಗದು.

2021ರಿಂದ ನವೆಂಬರ್ 11ನ್ನು ಕರ್ನಾಟಕ ಸರ್ಕಾರ ಒನಕೆ ಓಬವ್ವ ಜಯಂತಿಯಾಗಿ ಆಚರಿಸುತ್ತಿದೆ. ಹುಟ್ಟಿದ ದಿನದ ದಾಖಲೆಯಿಲ್ಲದವಳಿಗೆ ಹೀಗೆ ಒಂದು ದಿನ ದೊರೆತಿದೆ. ಕೋಟೆಯೊಳಗೆ ಆಕೆಯದೆಂದು ಗುರುತಿಸುವ ಸಮಾಧಿಗೆ ಅಂದು ಹೂವು ಏರುತ್ತದೆ, ಕಿಂಡಿಯ ಬಳಿ ಜನ ಬಗ್ಗಿ ನೋಡುತ್ತಾರೆ. ಶ್ರೀರಂಗಪಟ್ಟಣಕ್ಕೆ ಹೊರಟವರು ಕೋಟೆಯ ಯಾವ ಬಾಗಿಲಿನಿಂದ ಇಳಿದರೆಂಬುದಕ್ಕೆ ದುರ್ಗದಲ್ಲಿ ಯಾವ ಗುರುತೂ ಇಲ್ಲ.